ಟಿವಿಗೊಂದು ಕಡ್ಡಿ

ನಮ್ಮ ಮನೆಯ ಟಿವಿಗೆ ಆರು ವರ್ಷ ತುಂಬುವ ಹೊತ್ತಿಗೆ ಬುದ್ಧಿ ಹೋಯಿತು. ಕಣ್ಣು ಚೆನ್ನಾಗಿದೆ, ಪರದೆಯ ಮೇಲೆ ಒಂದು ಗೆರೆಯಿಲ್ಲ, ಚುಕ್ಕೆಯಿಲ್ಲ. ಗಂಟಲು ಪಕ್ಕದ ಮನೆಯವರು ಗೋಡೆ ತಟ್ಟುವಷ್ಟು ಗಟ್ಟಿ. ಆದರೆ ಒಂದು ಸಂಜೆ ಆ್ಯಪ್ ಒತ್ತಿದರೆ, ಈ ಟಿವಿಗೆ ನಮ್ಮ ಸೇವೆ ಇನ್ನು ಸಿಗುವುದಿಲ್ಲ ಎಂದು ಇಂಗ್ಲಿಷಿನಲ್ಲಿ ಎರಡು ಸಾಲು ತೋರಿಸಿ ಸುಮ್ಮನಾಯಿತು. ಸ್ಮಾರ್ಟ್ ಎಂಬ ವಿಶೇಷಣಕ್ಕೆಂದೇ ಅಂದು ನಾನು ಎಂಟು ಸಾವಿರ ಹೆಚ್ಚಿಗೆ ಕೊಟ್ಟಿದ್ದೆ. ವಿಶೇಷಣ ಹೋಗಿ ನಾಮಪದ ಉಳಿಯಿತು.

ರಿಪೇರಿಯ ಹುಡುಗ ಬಂದು ಟಿವಿಯ ಬೆನ್ನು ತಟ್ಟಿ ನೋಡಿದ. "ಪ್ಯಾನೆಲ್ ಕಲ್ಲಿದ್ದಂಗಿದೆ ಸಾರ್, ಇನ್ನೂ ಹತ್ತು ವರ್ಷ ಏನೂ ಆಗಲ್ಲ. ಸಾಫ್ಟ್‌ವೇರ್ ಹಳೇದಾಗೋಯ್ತು. ಹಿಂದುಗಡೆ ಒಂದು ಸ್ಟಿಕ್ ಚುಚ್ಚಿಬಿಡಿ" ಎಂದು ಹೇಳಿ, ಹೇಳಿದ್ದಕ್ಕೆ ಮುನ್ನೂರೈವತ್ತು ರೂಪಾಯಿ ಇಸಿದುಕೊಂಡು ಹೋದ. ಸ್ಟಿಕ್ ಅಂದರೇನೋ ಎಂದು ಅಮ್ಮ ಕೇಳಿದಳು. ಒಂದು ಕಡ್ಡಿ ಅಮ್ಮ, ಎಂದೆ. "ಸುಮ್ಮನಿರೋ ಕಡೆ ಕಡ್ಡಿ ಆಡಿಸ್ಬೇಡ" ಎಂದಳು ಎಂಬತ್ತೆರಡರ ಅಮ್ಮ. ಅಂದೇ ಅವಳ ಮಾತು ಕೇಳಿದ್ದರೆ ಆ ಕಡ್ಡಿ ಗುಡ್ಡವಾಗುತ್ತಿರಲಿಲ್ಲ.

ರಾಮಾಯಣ ಧಾರಾವಾಹಿ ಶುರುವಾದ 1987ರಲ್ಲಿ ನಮ್ಮ ಮನೆಗೆ ಬಂದ ಮೊದಲ ಟಿವಿಗೆ ಮರದ ಬಾಗಿಲಿತ್ತು, ಬಾಗಿಲಿಗೆ ಬೀಗವಿತ್ತು, ಮೇಲೆ ಅಮ್ಮ ಕ್ರೋಶಾ ಹೆಣೆದ ಬಿಳಿ ಬಟ್ಟೆಯಿತ್ತು. ಬೀಗದಕೈ ಅಪ್ಪನ ಉಡಿದಾರದಲ್ಲಿ. ಇದ್ದದ್ದು ದೂರದರ್ಶನವೊಂದೇ, ಬೆಂಗಳೂರು ಕೇಂದ್ರ ಶುರುವಾಗಿ ಆಗಿನ್ನೂ ಆರು ವರ್ಷ. ಆರಿಸಲು ಏನೂ ಇಲ್ಲದ್ದರಿಂದ ನಾವು ನೋಡುತ್ತಿದ್ದೆವು. ಈಗ ನೋಡುವುದಕ್ಕೆ ಮೊದಲು ಆರಿಸಬೇಕು. ಆರಿಸುವುದಕ್ಕೆ ಮೊದಲು ಆರಿಸುವ ಸಾಧನವನ್ನು ಆರಿಸಬೇಕು.

ಮೊದಲ ಸಲಹೆ ಪಾರ್ಕಿನಲ್ಲಿ ಸಿಕ್ಕಿತು. ನಮ್ಮ ಬಡಾವಣೆಯ ಪಾರ್ಕಿನಲ್ಲಿ ಬೆಳಿಗ್ಗೆ ಆರೂವರೆಗೆ ನಗೆಕೂಟ ಮುಗಿಯುತ್ತದೆ, ಆಮೇಲೆ ಜಗಳ. ಶೃಂಗೇರಿ, ಮೇಲುಕೋಟೆ, ಉಡುಪಿ ಮೂರನ್ನೂ ಒಂದೇ ಟೂರಿಸ್ಟ್ ಬಸ್ಸಿನಲ್ಲಿ ಮುಗಿಸಿ ಬಂದ ಜನಕ್ಕೆ ಗೂಗಲ್, ಅಮೆಜಾನ್, ಆಪಲ್ ಎಂಬ ಇನ್ನು ಮೂರು ಮತಗಳು ಭಾರವೇನಲ್ಲ. ಗೂಗಲ್ ಮತದವರ ಪ್ರಕಾರ ಕಾಣುವ ಜಗತ್ತೆಲ್ಲ ಒಂದೇ ಖಾತೆಯ ಲೀಲೆ. ಪಾಸ್‌ವರ್ಡ್ ಮರೆತರೆ ಜಗತ್ತು ಮಿಥ್ಯೆ. ಅಮೆಜಾನ್ ಮತದ್ದು ಭಕ್ತಿಮಾರ್ಗ. ಸೇಲಿನ ದಿನಕ್ಕಾಗಿ ವ್ರತ ಹಿಡಿದು ಕಾಯಬೇಕು. ಆಪಲ್ ಮತದಲ್ಲಿ ದೀಕ್ಷೆ ಕೊಂಡವರಿಗಷ್ಟೇ ಮೋಕ್ಷ. 2022ರಲ್ಲಿ ಅವರ ಪೆಟ್ಟಿಗೆ ಬಂದಾಗ ದೀಕ್ಷಾಶುಲ್ಕ 14,900 ರೂಪಾಯಿಯಿಂದ ಶುರುವಾಗುತ್ತಿತ್ತು. ಆ ಮತದ ಅನುಯಾಯಿಯೊಬ್ಬರು, ನಿವೃತ್ತ ಬ್ಯಾಂಕ್ ಮ್ಯಾನೇಜರರು, ನನ್ನ ತೋಳು ಹಿಡಿದು "ಸ್ವಾಮಿ, ಒಂದ್ಸಲ ಆಪಲ್ ಟಿವಿ ತಗೊಂಡ್ ನೋಡಿ" ಎಂದರು. "ಟಿವಿ ಇದೆಯಲ್ಲ ಸಾರ್?" ಎಂದೆ. ಅವರು ಬಿಡಿಸಿ ಹೇಳಿದರು: ಆ ಕಂಪನಿಯ ಪೆಟ್ಟಿಗೆಯ ಹೆಸರು ಆಪಲ್ ಟಿವಿ, ಅದರೊಳಗಿನ ಆ್ಯಪಿನ ಹೆಸರು ಆಪಲ್ ಟಿವಿ, ತಿಂಗಳ ಚಂದಾ ಕಟ್ಟುವ ಸೇವೆಯ ಹೆಸರೂ 2025ರಿಂದ ಆಪಲ್ ಟಿವಿ. ಟಿವಿಯೊಂದನ್ನು ಮಾತ್ರ ಅವರು ಮಾಡುವುದಿಲ್ಲ.

ಎರಡನೆಯ ಸಲಹೆ ನ್ಯೂಜೆರ್ಸಿಯಿಂದ ಬಂತು. ನನ್ನ ಹೆಂಡತಿಯ ತಮ್ಮ ಅಲ್ಲಿದ್ದಾನೆ. ನಮ್ಮ ಮನೆಯ ಕುಕ್ಕರಿನ ಗ್ಯಾಸ್ಕೆಟ್ ಹೋದರೂ ವೀಡಿಯೊ ಕಾಲಿನಲ್ಲಿ ಅವನ ಅಭಿಪ್ರಾಯ ಪಡೆಯುವುದು ರೂಢಿ. "ಭಾವ, ರೋಕು ತಗೊಳ್ಳಿ. ಇಲ್ಲಿ ಮೂವತ್ತು ಡಾಲರ್‌ಗೆಲ್ಲ ಸಿಗುತ್ತೆ. ಬರೋವಾಗ ನಾನೇ ತರ್ತೀನಿ" ಎಂದ. 2008ರಲ್ಲಿ ನೆಟ್‌ಫ್ಲಿಕ್ಸ್ ನೋಡಲೆಂದು ಮೊದಲ ಪೆಟ್ಟಿಗೆ ತಂದದ್ದು ರೋಕು ಕಂಪನಿಯೇ. ಜಪಾನಿ ಭಾಷೆಯಲ್ಲಿ ರೋಕು ಅಂದರೆ ಆರು. ಸ್ಥಾಪಕನ ಆರನೆಯ ಕಂಪನಿಯಾದ್ದರಿಂದ ಆ ಹೆಸರು. ನಮ್ಮಲ್ಲಿ ಅದನ್ನು ಕಂಪನಿ ಮಾರುವುದೇ ಇಲ್ಲ ಎಂದು ಮಗಳು ಕಂಡುಹಿಡಿದಳು. ಬಾದಾಮಿ, ಚಾಕೊಲೇಟುಗಳ ನಡುವೆ ಸೂಟ್‌ಕೇಸಿನಲ್ಲಿ ಬಂದಿಳಿದು, ಇಲ್ಲಿನ ಅರ್ಧಕ್ಕರ್ಧ ಆ್ಯಪುಗಳ ಪರಿಚಯವಿಲ್ಲದೆ ಕುಳಿತುಕೊಳ್ಳಬೇಕಾದ ವಸ್ತು. ಎನ್ನಾರೈ ಅಳಿಯನ ಹಾಗೆ.

ಆದರೆ ಮಾತಿನ ಕೊನೆಗೆ ಅವನು ಹೇಳಿದ ಒಂದು ಸಂಗತಿ ನನ್ನ ತಲೆಯಲ್ಲಿ ಮುಳ್ಳಿನಂತೆ ಕೂತಿತು. "ಆ ಡಬ್ಬಿ ಮಾರಿ ಅವರಿಗೆ ಲಾಭ ಇಲ್ಲ ಭಾವ. ನಷ್ಟ."

"ನಷ್ಟ ಮಾಡ್ಕೊಂಡು ಯಾಕೆ ಮಾರ್ತಾರೆ?"

"ಡಬ್ಬಿ ಮುಂದೆ ಕೂತ್ಕೊಳ್ಳೋರು ಬೇಕಲ್ಲ. ದುಡ್ಡು ಬರೋದು ಜಾಹೀರಾತಿಂದ."

ಅದು ಅವನ ಊಹೆಯಲ್ಲ. ಆ ಕಂಪನಿ ತನ್ನ ಷೇರುದಾರರಿಗೆ ಕೊಡುವ ಲೆಕ್ಕದಲ್ಲೇ ಇರುವ ಮಾತು. ಟಿವಿಗೆ ಬೇರೆ ಪೆಟ್ಟಿಗೆಯಿಂದ ಸಿನಿಮಾ ಬರುತ್ತಿದ್ದರೂ, ನೀವು ನೀರು ಕುಡಿಯಲು ಎದ್ದು ಅದನ್ನು ನಿಲ್ಲಿಸಿದ್ದನ್ನು ಪತ್ತೆಹಚ್ಚಿ ಆ ಸಂದಿನಲ್ಲೊಂದು ಜಾಹೀರಾತು ತೂರಿಸುವ ವಿದ್ಯೆಗೆ ಅವರು ಪೇಟೆಂಟ್ ಅರ್ಜಿ ಹಾಕಿದ್ದು 2024ರಲ್ಲಿ ಸುದ್ದಿಯಾಗಿತ್ತು. ನೀರು ಕುಡಿಯುವಾಗಲೂ ಬಿಡುವುದಿಲ್ಲವೆಂದರೆ ಶ್ರದ್ಧೆ ದೊಡ್ಡದು.

ಮೂರನೆಯದು ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಪೇಟೆ, ಎಸ್.ಪಿ. ರೋಡು. ಎಸ್.ಪಿ. ರೋಡಿನಲ್ಲಿ ಸಿಗದೇ ಇರುವುದು ಪಾರ್ಕಿಂಗ್ ಒಂದೇ. ಕೇಬಲ್ಲುಗಳು ಹಾವಿನ ಮರಿಗಳಂತೆ ಜೋತಾಡುವ ಒಂದು ಅಂಗಡಿಯಲ್ಲಿ ಹುಡುಗ ಕಪ್ಪು ಡಬ್ಬಿಯೊಂದನ್ನು ತೆಗೆದಿಟ್ಟ. ಮೇಲೆ '8ಕೆ' ಎಂದಿತ್ತು, '128 ಜಿಬಿ' ಎಂದಿತ್ತು, ಬೆಲೆ ಎರಡೂವರೆ ಸಾವಿರ ಎಂದಿತ್ತು.

"ಇದ್ರಲ್ಲಿ ಏನೇನ್ ಬರುತ್ತಪ್ಪ?"

"ಏನ್ ಬರಲ್ಲ ಕೇಳಿ ಸಾರ್. ಎಲ್ಲಾ ಚಾನೆಲ್ಲು, ಎಲ್ಲಾ ಪಿಕ್ಚರು. ತಿಂಗಳ ಚಂದಾನೇ ಇಲ್ಲ. ಲೈಫ್‌ಟೈಮ್ ಫ್ರೀ."

"ಯಾರ ಲೈಫ್‌ಟೈಮು?"

"ಬೋಣಿ ಟೈಮಲ್ಲಿ ಹಂಗೆಲ್ಲ ಕೇಳ್ಬಾರ್ದು ಸಾರ್."

ಮನಸ್ಸು ವಾಲಿತ್ತು. ಸುಳ್ಳೇಕೆ ಹೇಳಲಿ, ಪರ್ಸಿಗೆ ಕೈಯೂ ಹೋಗಿತ್ತು. ಮಗಳು ಫೋನಿನಲ್ಲೇ ತಡೆದಳು. ಸಿನಿಮಾ ಕಂಪನಿಗಳ ಅನುಮತಿ ಪಡೆಯದ ಇಂಥ ಪೆಟ್ಟಿಗೆಗಳಿಗೆ ನೆಟ್‌ಫ್ಲಿಕ್ಸಿನಂಥವರು ಒಳ್ಳೆಯ ಚಿತ್ರವನ್ನು ಕಳಿಸುವುದೇ ಇಲ್ಲ. ಮಸುಕು ಚಿತ್ರ ಬಂದರೆ ಅದೇ ಪುಣ್ಯ. ಡಬ್ಬಿಯ ಮೇಲೆ 8ಕೆ, ಪರದೆಯ ಮೇಲೆ ಡಿಸೆಂಬರಿನ ಮಡಿಕೇರಿ. ಇದು ಚಿಕ್ಕ ದೋಷ. ದೊಡ್ಡದನ್ನು 2025ರ ಜೂನ್‌ನಲ್ಲಿ ಅಮೆರಿಕದ ಎಫ್‌ಬಿಐ ಹೇಳಿತು: ಅಗ್ಗದ ಹೆಸರಿಲ್ಲದ ಆಂಡ್ರಾಯ್ಡ್ ಪೆಟ್ಟಿಗೆಗಳಲ್ಲಿ ಕೆಲವು ಕಾರ್ಖಾನೆಯಿಂದಲೇ ಕಳ್ಳ ಸಾಫ್ಟ್‌ವೇರನ್ನು ಹೊಟ್ಟೆಯಲ್ಲಿಟ್ಟುಕೊಂಡು ಬರುತ್ತಿವೆ. ಬ್ಯಾಡ್‌ಬಾಕ್ಸ್ ಎಂದು ಅದಕ್ಕೆ ಹೆಸರು. ಒಂದು ಕೋಟಿಗೂ ಹೆಚ್ಚು ಸಾಧನಗಳು ಅದರ ಕೈವಶವಾಗಿವೆಯೆಂದು ಮುಂದಿನ ತಿಂಗಳು ಗೂಗಲ್ ನ್ಯಾಯಾಲಯಕ್ಕೇ ಹೋಯಿತು. ಅಂದರೆ ನಾವು ಮಲಗಿದ ಮೇಲೆ ನಮ್ಮ ನಡುಮನೆಯ ಡಬ್ಬಿ, ನಮ್ಮದೇ ವೈಫೈ ಹಿಡಿದು, ಯಾವುದೋ ದೇಶದ ಯಾರಿಗೋ ಸುಳ್ಳು ಕ್ಲಿಕ್ಕುಗಳನ್ನು ಒತ್ತಿಕೊಡುತ್ತಿರುತ್ತದೆ. ಬೆಂಗಳೂರಿನಲ್ಲಿ ನೈಟ್ ಶಿಫ್ಟಿನ ಕಾಲ್ ಸೆಂಟರುಗಳು ಕಡಿಮೆಯಾದವೆಂದು ಕೊರಗುವವರು ಗಮನಿಸಬೇಕು.

ಇಂಟರ್ನೆಟ್ ಕೊಡುವವನೂ ಬಂದು ಹೋದ. ವರ್ಷದ ದುಡ್ಡು ಒಟ್ಟಿಗೆ ಕಟ್ಟಿದರೆ ಪೆಟ್ಟಿಗೆ ಪುಕ್ಕಟೆ, ಜೊತೆಗೆ ಇಪ್ಪತ್ತೆರಡು ಓಟಿಟಿ ಎಂದ. ಪಟ್ಟಿ ಓದಿದೆ. ಇಪ್ಪತ್ತೆರಡರಲ್ಲಿ ನನಗೆ ಗೊತ್ತಿದ್ದವು ಮೂರು. ಅವನಿಗೆ ಗೊತ್ತಿದ್ದವು ಐದು.

ಇಷ್ಟರಲ್ಲಿ ಮನೆಯಲ್ಲಿ 4ಕೆ ಚರ್ಚೆ ಶುರುವಾಗಿತ್ತು. ಇದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು, ಏಕೆಂದರೆ ಕನ್ನಡನಾಡಿನ ಸಾವಿರಾರು ನಡುಮನೆಗಳಲ್ಲಿ ಈ ಹೊತ್ತು ಇದೇ ತಪ್ಪು ನಡೆಯುತ್ತಿದೆ. ನಮ್ಮ ಟಿವಿ ನಲವತ್ತಮೂರು ಇಂಚು. ಸೋಫಾ ಹತ್ತು ಅಡಿ ದೂರ. ಸೋಫಾದ ಮೇಲೆ ಕೂರುವ ನಾಲ್ವರಲ್ಲಿ ಮೂವರಿಗೆ ಕನ್ನಡಕ. ಅಮ್ಮನಿಗೆ ಒಂದು ಕಣ್ಣಿನ ಪೊರೆ ತೆಗೆಸಿದೆ, ಇನ್ನೊಂದು ಬಾಕಿ. ಆದರೂ ಕಡ್ಡಿ 4ಕೆ ಆಗಿರಬೇಕೆಂಬುದು ಮಗಳ ಹಟ. ಸರಿ, ಕಡ್ಡಿ 4ಕೆ ಆಯಿತೆನ್ನಿ. ನೆಟ್‌ಫ್ಲಿಕ್ಸ್ 2021ರ ಡಿಸೆಂಬರಿನಲ್ಲಿ ಇಳಿಸಿದ ದರಪಟ್ಟಿಯ ಪ್ರಕಾರ 149 ರೂಪಾಯಿಯ ಯೋಜನೆ ಮೊಬೈಲು, ಟ್ಯಾಬ್ಲೆಟ್ಟಿಗೆ ಮಾತ್ರ. ಟಿವಿಯಲ್ಲಿ ಬರುವುದೇ ಇಲ್ಲ. 199ರದ್ದು ಬರುತ್ತದೆ, 720 ಗೆರೆಯ ಚಿತ್ರ. 499ಕ್ಕೆ ಪೂರ್ತಿ ಎಚ್‌ಡಿ. 4ಕೆ ಬೇಕಾದರೆ 649. ನಾವಿರುವುದು 199ರಲ್ಲಿ. ಅಂದರೆ ಹೈವೇ ಕಾರು ಕೊಂಡು ಸಿಲ್ಕ್ ಬೋರ್ಡಿನಲ್ಲಿ ನಿಲ್ಲಿಸಿಕೊಂಡ ಹಾಗೆ. ಹೀಗೆಂದು ಲೆಕ್ಕ ಬಿಡಿಸಿ ತೋರಿಸಿದೆ. "ಅಪ್ಪಾ, ಫ್ಯೂಚರ್‌ಗೆ ಇರಲಿ" ಎಂದಳು. ನಮ್ಮ ಮನೆಯಲ್ಲಿ ಫ್ಯೂಚರಿಗೆಂದು ಕೊಂಡ ವಸ್ತುಗಳನ್ನು ಅಟ್ಟದ ಮೇಲೆ ಇಡುತ್ತೇವೆ.

ಕೊನೆಗೆ ಸೇಲಿನ ದಿನ ನಾಲ್ಕು ಸಾವಿರ ಚಿಲ್ಲರೆಗೆ ಒಂದನ್ನು ತರಿಸಿದೆವು. ಯಾವ ಮತದ್ದೆಂದು ಹೇಳುವುದಿಲ್ಲ. ನಾನು ನಾಳೆಯೂ ಪಾರ್ಕಿಗೆ ಹೋಗಬೇಕು.

ಚುಚ್ಚುವುದೇ ಒಂದು ಕಾಂಡ. ಗೋಡೆಗೂ ಟಿವಿಗೂ ನಡುವೆ ಎರಡು ಬೆರಳಿನ ಜಾಗ. ಮಗಳು ಮೊಬೈಲ್ ಟಾರ್ಚ್ ಹಿಡಿದು ನಿಂತಳು, ನಾನು ಕೆನ್ನೆಯನ್ನು ಗೋಡೆಗೊತ್ತಿ, ಕತ್ತಲಲ್ಲಿ ಸೂಜಿಗೆ ದಾರ ಪೋಣಿಸುವವನಂತೆ ಎಚ್‌ಡಿಎಂಐ ತೂತನ್ನು ತಡಕಿದೆ. ಟಿವಿಯ ಯುಎಸ್‌ಬಿಯಿಂದಲೇ ಕರೆಂಟು ಎಳೆಯೋಣವೆಂದರೆ ಅದು ಸಾಲುವುದಿಲ್ಲವಂತೆ. ಕಡ್ಡಿಗೆ ತನ್ನದೇ ಅಡಾಪ್ಟರ್ ಬೇಕು. ಅಡಾಪ್ಟರಿಗೆ ಪ್ಲಗ್ಗು ಬೇಕು, ಪ್ಲಗ್ಗಿಗೆ ಎಕ್ಸ್‌ಟೆನ್ಷನ್ ಬಾಕ್ಸ್ ಬೇಕು. ಕಾರ್ಪೆಂಟರ್ ಹತ್ತಿರ ಮಾಡಿಸಿದ ಟಿವಿ ಯೂನಿಟ್ಟಿನ ಚಂದವೆಲ್ಲ ಒಂದು ಬಿಳಿ ವೈರಿನಲ್ಲಿ ನೇತಾಡುತ್ತಿದೆ. ಡಬ್ಬಿಯ ಮೇಲೆ 8 ಜಿಬಿ ಎಂದು ಬರೆದಿತ್ತು. ಒಳಗೆ ಹೋಗಿ ನೋಡಿದರೆ ನಮ್ಮ ಪಾಲಿಗೆ ಉಳಿದದ್ದು ಸುಮಾರು ಐದು. ಮೂವತ್ತು ನಲವತ್ತರ ಸೈಟಿನಲ್ಲಿ ಸೆಟ್‌ಬ್ಯಾಕ್ ಬಿಟ್ಟ ಮೇಲೆ ಉಳಿಯುವ ಮನೆಯ ಹಾಗೆ. ವ್ಯತ್ಯಾಸವೆಂದರೆ ಇಲ್ಲಿ ಅಕ್ರಮ ಸಕ್ರಮವಿಲ್ಲ.

ಆಮೇಲೆ ಪರದೆ ಬೆಳಗಿತು. ನಾನು ನನ್ನ ಟಿವಿಯನ್ನು ಹುಡುಕಿದೆ. ಮೇಲರ್ಧದಲ್ಲಿ ಕೆಂಪು ಕಾರೊಂದು ಹಿಮದಲ್ಲಿ ಓಡುತ್ತಿತ್ತು. ಅದರ ಕೆಳಗೆ ನಾನು ಚಂದಾ ಕಟ್ಟದ ಸೇವೆಯ ಹಿಂದಿ ಸರಣಿ. ಅದರ ಕೆಳಗೆ ಪ್ರಾಯೋಜಿತವೆಂದು ಚಿಕ್ಕದಾಗಿ ಬರೆದ ಒಂದು ಸಾಲು. ಇನ್ನೂ ಕೆಳಗೆ, ಔಟ್‌ಹೌಸಿನಲ್ಲಿ ಕೂರಿಸಿದ ಬಡ ನೆಂಟರಂತೆ, ನನ್ನ ಆ್ಯಪುಗಳು.

ನ್ಯೂಜೆರ್ಸಿಯ ಮುಳ್ಳು ಆಗ ಚುಚ್ಚಿತು. 2018ರ ಆಗಸ್ಟಿನಲ್ಲಿ ಹೈಕೋರ್ಟ್ ಛೀಮಾರಿ ಹಾಕಿದ ಮೇಲೆ ನಮ್ಮ ಪಾಲಿಕೆಯವರು ಬೆಂಗಳೂರಿನ ಫ್ಲೆಕ್ಸುಗಳನ್ನು ರಾತ್ರಿಹಗಲೆನ್ನದೆ ಕಿತ್ತುಹಾಕಿದ್ದು ನೆನಪಿದೆಯೇ? ಎಷ್ಟೋ ವರ್ಷದ ನಂತರ ಕಂಬಗಳ ಹಿಂದೆ ಮರಗಳಿರುವುದು ಗೊತ್ತಾಯಿತು. ಆಗ ಚಪ್ಪಾಳೆ ತಟ್ಟಿದವರಲ್ಲಿ ನಾನೂ ಒಬ್ಬ. ಈಗ ನಲವತ್ತಮೂರು ಇಂಚಿನ ದೀಪದ ಹೋರ್ಡಿಂಗನ್ನು ನಡುಮನೆಯಲ್ಲಿ, ದೇವರ ಕೋಣೆಯ ಎದುರಿಗೆ, ಸ್ವಂತ ಖರ್ಚಿನಲ್ಲಿ ನಿಲ್ಲಿಸಿಕೊಂಡಿದ್ದೇನೆ. ಖಾಲಿ ಸೈಟಿನಲ್ಲಿ ಹೋರ್ಡಿಂಗ್ ಹಾಕಲು ಬಿಟ್ಟವನಿಗಾದರೂ ತಿಂಗಳ ಬಾಡಿಗೆ ಬರುತ್ತದೆ. ಇಲ್ಲಿ ಗೋಡೆ ನನ್ನದು, ಕರೆಂಟು ನನ್ನದು, ಇಂಟರ್ನೆಟ್ಟು ನನ್ನದು. ಬಾಡಿಗೆ ಕೊಡುವವನೂ ನಾನೇ.

ಹೋರ್ಡಿಂಗಿಗೂ ಇದಕ್ಕೂ ಇನ್ನೊಂದು ಅಂತರವಿದೆ. ಬೀದಿಯ ಹೋರ್ಡಿಂಗನ್ನು ನಾವು ನೋಡುತ್ತೇವೆ, ಅದು ನಮ್ಮನ್ನು ನೋಡುವುದಿಲ್ಲ. ಅಮೆರಿಕದ ವಿಜಿಯೊ ಎಂಬ ಟಿವಿ ಕಂಪನಿ ಸುಮಾರು 1.1 ಕೋಟಿ ಟಿವಿಗಳ ಮೂಲಕ ಜನ ಯಾವ ಕ್ಷಣದಲ್ಲಿ ಏನು ನೋಡುತ್ತಿದ್ದಾರೆಂದು ಅವರನ್ನು ಕೇಳದೆಯೇ ಬರೆದಿಟ್ಟುಕೊಂಡು ಮಾರುತ್ತಿತ್ತು. 2017ರಲ್ಲಿ 22 ಲಕ್ಷ ಡಾಲರ್ ತೆತ್ತು ಪ್ರಕರಣ ಬಗೆಹರಿಸಿಕೊಂಡಿತು. ಅಲ್ಲಿಗೆ ಕಂಪನಿಯ ಮಾನ ಹೋಯಿತೆಂದು ನೀವು ಅಂದುಕೊಂಡರೆ ನಿಮಗೆ ವ್ಯಾಪಾರ ಗೊತ್ತಿಲ್ಲ. 2024ರಲ್ಲಿ ಅದನ್ನು 230 ಕೋಟಿ ಡಾಲರ್ ಕೊಟ್ಟು ಕೊಂಡದ್ದು ವಾಲ್‌ಮಾರ್ಟ್. ಸಾಬೂನು, ಅಕ್ಕಿ, ಮೊಟ್ಟೆ ಮಾರುವ ದಿನಸಿ ಅಂಗಡಿಗೆ ಟಿವಿ ಏಕೆ ಬೇಕಾಯಿತು? ನಮ್ಮ ಬೀದಿಯ ಶೆಟ್ಟರ ಅಂಗಡಿಯವರಿಗೆ ನಾವು ತಿಂಗಳಿಗೆ ಎಷ್ಟು ಬೇಳೆ ಒಯ್ಯುತ್ತೇವೆಂದು ಗೊತ್ತು. ಪಾಪ, ರಾತ್ರಿ ಒಂಬತ್ತಕ್ಕೆ ಏನು ನೋಡುತ್ತ ತಿನ್ನುತ್ತೇವೆಂದು ಗೊತ್ತಿಲ್ಲ.

ದುಡ್ಡು ಕೊಟ್ಟವರಿಗೆ ಜಾಹೀರಾತಿಲ್ಲ ಎಂಬ ಕಾಲವೂ ಒಂದಿತ್ತು. ಪ್ರೈಮ್ ವಿಡಿಯೊದಲ್ಲಿ ಅದು 2025ರ ಜೂನ್ 17ಕ್ಕೆ ನಮ್ಮ ದೇಶದಲ್ಲಿ ಮುಗಿಯಿತು. ಆ ದಿನದಿಂದ ಚಂದಾದಾರರಿಗೂ ಜಾಹೀರಾತು; ಬೇಡವೆಂದರೆ ತಿಂಗಳಿಗೆ 129 ರೂಪಾಯಿ ಬೇರೆ ಎಂದು ದರ ನಿಗದಿಯಾಯಿತು. ಮದುವೆಯೂಟಕ್ಕೆ ಮುಯ್ಯಿ ಕೊಟ್ಟು ಕೂತ ಮೇಲೆ, ಎಲೆಯ ಮೇಲಿನ ನೊಣ ಓಡಿಸಲು ಬೀಸಣಿಗೆಯವನು ಪ್ರತ್ಯೇಕ ಬಿಲ್ಲು ಕೊಡುತ್ತಾನೆ.

ರಿಮೋಟಿನ ವಿಚಾರಕ್ಕೆ ಬರುತ್ತೇನೆ. ಅಂಗೈಯಗಲದ ಅದರಲ್ಲಿ ಇರುವುದೇ ಹತ್ತು ಹದಿನೈದು ಗುಂಡಿ. ಅದರಲ್ಲಿ ನಾಲ್ಕು ನಮಗೆ ಬರುವ ಮೊದಲೇ ಮಾರಾಟವಾಗಿವೆ: ದೊಡ್ಡ ದೊಡ್ಡ ಕಂಪನಿಗಳ ಹೆಸರು, ಬಣ್ಣ, ಲಾಂಛನ. 2011ರಲ್ಲಿ ನೆಟ್‌ಫ್ಲಿಕ್ಸ್ ಶುರುಮಾಡಿದ ಪದ್ಧತಿ ಇದು. ಕನ್ನಡಕ್ಕೊಂದು ಗುಂಡಿ ಇದೆಯೇ ಎಂದು ಕನ್ನಡಕ ಹಾಕಿಕೊಂಡು ಹುಡುಕಿದೆ. ಇಲ್ಲ. ಗುಂಡಿಯ ಮಾತು ಬಿಡಿ, ಒಳಗಾದರೂ ಜಾಗ ಇದೆಯೇ? ಕರಾವಳಿಯ ಏಳು ಕಥೆಗಳ 'ಏಕಂ' ಸರಣಿಗೆ ಯಾವ ವೇದಿಕೆಯೂ ಸಿಗದೆ ರಕ್ಷಿತ್ ಶೆಟ್ಟಿಯವರ ತಂಡ 2024ರ ಜುಲೈಯಲ್ಲಿ ಅದನ್ನು ತಮ್ಮದೇ ಜಾಲತಾಣದಲ್ಲಿ ಬಿಡಬೇಕಾಯಿತು. ಬೆಂಗಳೂರಿನಲ್ಲಿ ನಮಗೆ ರಸ್ತೆಯ ಗುಂಡಿಗಳಿಗೇನೂ ಕೊರತೆಯಿಲ್ಲ. ರಿಮೋಟಿನಲ್ಲಿ ಒಂದು ಸಿಗುವುದು ಕಷ್ಟ.

ಗುಂಡಿ ಇಲ್ಲದಿದ್ದರೇನು, ಬಾಯಲ್ಲಿ ಹೇಳಿದರೆ ಹುಡುಕಿ ಕೊಡುತ್ತದೆ ಎಂದು ಮಗಳು ಅಜ್ಜಿಗೆ ಕಲಿಸಿದಳು. ಅಷ್ಟರಲ್ಲಿ ಅಮ್ಮ ರಿಮೋಟಿಗೆ ಪ್ಲಾಸ್ಟಿಕ್ ಕವರ್ ತೊಡಿಸಿ ರಬ್ಬರ್ ಬ್ಯಾಂಡ್ ಹಾಕಿಬಿಟ್ಟಿದ್ದಳು. ಮೈಕಿನ ತೂತು ಅದರೊಳಗೆ ಮುಚ್ಚಿಹೋಗಿತ್ತು. ಕವರಿಗೆ ಪಿನ್ನಿನಿಂದ ಚುಚ್ಚಿ ದಾರಿ ಮಾಡಿದ್ದಾಯಿತು. ಅಮ್ಮ ರಿಮೋಟನ್ನು ಫೋನಿನಂತೆ ಕಿವಿಗೆ ಹಿಡಿದು, ಗುರುತಿಲ್ಲದವರ ಜೊತೆ ಮಾತಾಡುವಾಗಿನ ಮರ್ಯಾದೆಯಲ್ಲಿ, "ಸ್ವಲ್ಪ ರಾಜ್‌ಕುಮಾರ್ ಪಿಕ್ಚರ್ ಹಾಕಪ್ಪ" ಎಂದಳು. ಕಡ್ಡಿ ಒಂದು ಕ್ಷಣ ಯೋಚಿಸಿ ಪರದೆ ತುಂಬ ಹಿಂದಿಯ ರಾಜ್‌ಕುಮಾರ್ ರಾವ್ ಅವರನ್ನು ನಿಲ್ಲಿಸಿತು. ಅಮ್ಮ ಬಹಳ ಹೊತ್ತು ನೋಡಿದಳು. "ಯಾರೋ ಈ ಹುಡುಗ? ಶಿವಣ್ಣನ ಮಗನಾ?"

"ಡಾಕ್ಟರ್ ಅಂತ ಸೇರಿಸಿ ಹೇಳು ಅಜ್ಜಿ" ಎಂದಳು ಮಗಳು. ಅಮ್ಮ ಹೇಳಿದಳು. ಬಿಳಿ ಕೋಟು ಹಾಕಿದ ಕೊರಿಯಾದ ಡಾಕ್ಟರರು ಸಾಲಾಗಿ ಬಂದರು.

ಅಣ್ಣಾವ್ರು ಹೋಗಲಿ. ಈ ಕಡ್ಡಿಗಾದರೂ ಬುದ್ಧಿ ಎಷ್ಟು ವರ್ಷ ನಿಲ್ಲುತ್ತದೆ? ಕ್ರೋಮ್‌ಕಾಸ್ಟ್ ಎಂಬ ಚಿಕ್ಕ ಬಿಲ್ಲೆ 2013ರಲ್ಲಿ 35 ಡಾಲರಿಗೆ ಬಂದಾಗ ಜಗತ್ತೆಲ್ಲ ಕೊಂಡಾಡಿತ್ತು. 2015ರಲ್ಲಿ ಅದರ ಎರಡನೆಯ ತಲೆಮಾರು ಬಂತು. 2025ರ ಮಾರ್ಚಿನಲ್ಲಿ ಒಂದು ದಿನ ಆ ತಲೆಮಾರಿನ ಬಿಲ್ಲೆಗಳೆಲ್ಲ ಊರೂರಲ್ಲಿ ಒಟ್ಟಿಗೆ ಕೆಲಸ ನಿಲ್ಲಿಸಿದವು. ಕಾರಣ, ಈ ವಸ್ತು ನಿಜವಾದದ್ದೇ ಎಂದು ಸಾಬೀತು ಮಾಡುವ ಡಿಜಿಟಲ್ ಪ್ರಮಾಣಪತ್ರಕ್ಕೆ ಹತ್ತು ವರ್ಷದ ವಾಯಿದೆ, ಅದು ಮುಗಿದಿತ್ತು. ಹುಟ್ಟುವಾಗಲೇ ಜಾತಕದಲ್ಲಿ ಆಯುಸ್ಸು ಹತ್ತು ಎಂದು ಬರೆದಿಟ್ಟು, ಬರೆದವರೇ ಮರೆತುಬಿಟ್ಟಿದ್ದರು. ಗೂಗಲ್ ಕೆಲವು ದಿನಗಳಲ್ಲಿ ಸರಿಮಾಡಿತು, ಸುಳ್ಳು ಹೇಳಬಾರದು. ಆದರೆ ಆ ಹೊತ್ತಿಗೆ ಕ್ರೋಮ್‌ಕಾಸ್ಟ್ ಮಾಡುವುದನ್ನೇ ನಿಲ್ಲಿಸುವುದಾಗಿ ಹೇಳಿ ಏಳು ತಿಂಗಳಾಗಿತ್ತು. ಅಪ್ಪನ ಬಾಗಿಲು ಬೀಗದ ಟಿವಿಗೆ ಪ್ರಮಾಣಪತ್ರವಿರಲಿಲ್ಲ, ಲೈಸೆನ್ಸೂ ಬೇಕಿರಲಿಲ್ಲ. ಹದಿನಾರು ವರ್ಷ ನಡೆದು, ಕೊನೆಗೆ ಸ್ಟೀಲ್ ಪಾತ್ರೆಯವಳಿಗೆ ಹೋಯಿತು. ಬದಲಿಗೆ ಬಂದ ಕೊಳದಪ್ಪಲೆ ಇಂದಿಗೂ ಇದೆ.

ಕಡ್ಡಿ ಕೊಂಡವರಿಗೆ, ಕೊಳ್ಳುವವರಿಗೆ ನನ್ನದೊಂದೇ ವಿನಂತಿ. ಚುಚ್ಚಿದ ದಿನವೇ ಸೆಟ್ಟಿಂಗ್ಸಿಗೆ ಹೋಗಿ. ಗೂಗಲಿನದ್ದಾದರೆ ಆ್ಯಪುಗಳನ್ನಷ್ಟೇ ತೋರಿಸು ಎಂಬ ಆಯ್ಕೆ ಇದೆ. ಶಿಫಾರಸುಗಳ ಸಂತೆ ಅರ್ಧ ಖಾಲಿಯಾಗುತ್ತದೆ. ಅಮೆಜಾನಿನದ್ದರಲ್ಲಿ ಮೇಲಿನ ಜಾಹೀರಾತು ತಾನಾಗಿ ಕೂಗಾಡದಂತೆ ಬಾಯಿ ಕಟ್ಟಬಹುದು. ಎರಡರಲ್ಲೂ ನಿಮ್ಮ ನೋಟದ ಲೆಕ್ಕ ಇಡಬೇಡಿ ಎಂದು ಹೇಳುವ ಗುಂಡಿಗಳಿವೆ. ಮಾರುವಾಗ ಇದನ್ನು ಯಾರೂ ಹೇಳುವುದಿಲ್ಲ, ಮೂರು ಮೆಟ್ಟಿಲು ಇಳಿದು ನೀವೇ ಹುಡುಕಬೇಕು. ಪೂರ್ತಿ ಬಾಯಿ ಮುಚ್ಚಿಸುವ ಗುಂಡಿ ಮಾತ್ರ ನನಗೆ ಸಿಗಲಿಲ್ಲ.

ಅಮ್ಮನಿಗೆ ಸಿಕ್ಕಿತು. ಎರಡು ವಾರದ ಹಿಂದೆ ಒಂದು ಸಂಜೆ ನಾನು ಮನೆಗೆ ಬಂದಾಗ ಟಿವಿಯ ಮೇಲೆ 1987ರ ಆ ಕ್ರೋಶಾ ಬಟ್ಟೆ ಇಳಿಬಿದ್ದಿತ್ತು. ಟ್ರಂಕಿನ ತಳದಿಂದ ತೆಗೆದಿದ್ದಾಳೆ. ಆಗ ಅದು ಟಿವಿಯ ಮೇಲೆ ಧೂಳು ಕೂರದಿರಲೆಂದು. ಈಗ, ಬೇಕಾದದ್ದು ಶುರುವಾಗುವವರೆಗೆ ನಮ್ಮ ಕಣ್ಣಿಗೆ ಬೀಳದಿರಲೆಂದು. ಮಗಳು ರಿಮೋಟ್ ಹಿಡಿದು ಬಟ್ಟೆಯೊಳಗೆ ತಲೆ ತೂರಿಸಿ ಬೇಕಾದದ್ದನ್ನು ಹುಡುಕಿ, "ಹೂಂ ಅಜ್ಜಿ" ಎಂದ ಮೇಲೆ ಅಮ್ಮ ಬಟ್ಟೆ ಎತ್ತುತ್ತಾಳೆ. ಭಾನುವಾರ ಅದನ್ನು ಒಗೆಯಲು ಹಾಕುತ್ತಾಳೆ. ಆ ದಿನ ಕೆಂಪು ಕಾರು ಬೆಳಗಿನಿಂದ ಸಂಜೆಯವರೆಗೆ ಹಿಮದಲ್ಲಿ ಓಡುತ್ತದೆ.